ಮೂರು ಬ್ಯಾಂಡ್‌ಸಾ, ಒಂದು ಹಲಸಿನ ಹಲಗೆ

ನನ್ನ ಹಳೇ 12 ಇಂಚಿನ ಬ್ಯಾಂಡ್‌ಸಾ ದೀಪಾವಳಿಗೆ ಮುಂಚೆ ಕೈಕೊಟ್ಟಿತು. ಮೇಲೊಂದು ಕೆಳಗೊಂದು ಚಕ್ರದ ಮೇಲೆ ಪಟ್ಟಿಯಂಥ ಬ್ಲೇಡು ಸುತ್ತುತ್ತಾ ಕಟ್ಟಿಗೆ ಕೊಯ್ಯುವ ಮಷೀನು ಅದು. ಮೇಲಿನ ಚಕ್ರದ ಬೀಡು ಕಬ್ಬಿಣ ಶಾಫ್ಟಿನ ಹತ್ತಿರ ಸೀಳಿತ್ತು. ಬೆಸುಗೆ ಹಾಕಿಸಬಹುದಿತ್ತು. ಆದರೆ ನಿಮಿಷಕ್ಕೆ 800 ಸುತ್ತು ತಿರುಗುವ ಚಕ್ರಕ್ಕೆ ತೇಪೆ ಹಾಕಿ, ಅದರ ಮುಂದೆಯೇ ಮುಖ ಇಟ್ಟು ನಿಲ್ಲುವ ಧೈರ್ಯ ನನಗಿಲ್ಲ. ಬೇರೆ ಮಷೀನು ನೋಡಲು ಹೊರಟೆ.

ನನ್ನದೇನು ಕಾರ್ಖಾನೆಯಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ ಮನೆ ಹಿಂದೆ ಒಂದು ಹಂಚಿನ ಕೋಣೆ, ಸಿಂಗಲ್ ಫೇಸ್ ಕರೆಂಟು, 30 ಇಂಚಿನ ಬಾಗಿಲು. ಕೆಲಸ ಎರಡು ಬಗೆ. ದಪ್ಪ ಹಲಗೆಯನ್ನು ನಿಲ್ಲಿಸಿ ಸೀಳಿ ಡಬ್ಬಿಗಳಿಗೆ ತೆಳು ಪಟ್ಟಿ ತೆಗೆಯುವುದು ಒಂದು. ಇನ್ನೊಂದು ಕಟ್ಟಿಗೆಯ ಆಟಿಕೆ ಎತ್ತು, ಬಂಡಿ. ಕಾರಹುಣ್ಣಿಮೆ ಹತ್ತಿರ ಬಂತೆಂದರೆ ಓಣಿಯ ಹುಡುಗರೆಲ್ಲ ನಮ್ಮ ಹಿತ್ತಲಲ್ಲೇ ಇರುತ್ತಾರೆ. ಸೀಳಲು ಅರ್ಧ ಇಂಚಿನ ಬ್ಲೇಡು ಬೇಕು, ಎತ್ತಿನ ಕೋಡು ತಿರುವಲು ಕಾಲು ಇಂಚಿನದು.

ಕಣ್ಣ ಮುಂದೆ ಇದ್ದದ್ದು ಮೂರು. ಗೆಳೆಯರೊಬ್ಬರು ಆನ್‌ಲೈನ್‌ನಲ್ಲಿ ತರಿಸಿದ್ದ 9 ಇಂಚಿನ ಪುಟ್ಟ ಮಷೀನು, ಅಂಥದ್ದೇ ಹೊಸದಕ್ಕೆ 28 ಸಾವಿರ. ಅಂಗಡಿಯಲ್ಲಿದ್ದ 14 ಇಂಚಿನ ಹೊಸ ಬೀಡಿನ ಮಷೀನು, 55 ಸಾವಿರ. ಬಾಗಿಲು ಮುಚ್ಚಿದ ಒಂದು ಫರ್ನಿಚರ್ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ 18 ಇಂಚಿನ ಹಳೇದು, 32 ಸಾವಿರ. ಈ ಇಂಚು ಚಕ್ರದ ಅಳತೆ. ಬ್ಲೇಡಿಗೂ ಕಂಬಕ್ಕೂ ನಡುವಿನ ಜಾಗ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಎಷ್ಟು ಎತ್ತರದ ಹಲಗೆ ಹೋಗುತ್ತದೆ ಅನ್ನುವುದು ಬೇರೆ ಲೆಕ್ಕ, ಅದನ್ನು ಕೇಳಿಯೇ ತಿಳಿಯಬೇಕು.

ಮೂರಕ್ಕೂ ಒಂದೇ ಪರೀಕ್ಷೆ ಇರಲಿ ಅಂತ ಒಣಗಿದ ಹಲಸಿನ ಹಲಗೆಯೊಂದನ್ನು ಬೈಕಿಗೆ ಕಟ್ಟಿಕೊಂಡು ತಿರುಗಿದೆ. 3 ಮಿಲಿಮೀಟರಿನ ಪಟ್ಟಿ ಸೀಳಿ, ಮೇಲೆ ಕೆಳಗೆ ವರ್ನಿಯರ್ ಹಿಡಿದು ದಪ್ಪ ಅಳೆಯುವುದು. ಎರಡರ ವ್ಯತ್ಯಾಸ ಕಡಿಮೆ ಇದ್ದಷ್ಟೂ ಒಳ್ಳೇದು. ಮೊದಲ ಸುತ್ತಿನಲ್ಲಿ 14 ಇಂಚಿನದು ಗೆದ್ದಿತು, ಹಳೇ 18 ಹೀನಾಯವಾಗಿ ಸೋತಿತು. ಪಟ್ಟಿ ಬಾಳೆಕಾಯಿ ಹಾಗೆ ಹೊಟ್ಟೆ ಬಿಟ್ಟುಕೊಂಡು ಬಂತು. ಮನೆಗೆ ಬಂದ ಮೇಲೆ ಹೊಳೆಯಿತು: ಹೊಸದರಲ್ಲಿ ಹೊಸ ಬ್ಲೇಡು, ಹಳೇದರಲ್ಲಿ ಹಲ್ಲು ಸವೆದ ಬ್ಲೇಡು. ನಾನು ಹೋಲಿಸಿದ್ದು ಮಷೀನುಗಳನ್ನಲ್ಲ, ಬ್ಲೇಡುಗಳನ್ನು!

ಸಾಮಿಲ್ಲುಗಳಿಗೆ ಬ್ಲೇಡು ಸಾಣೆ ಹಿಡಿಯುವ ಕಾಕಾ ಒಬ್ಬರಿದ್ದಾರೆ. ಬ್ಲೇಡು ಪಟ್ಟಿಯ ಸುರುಳಿಯಿಂದ ಅಳತೆಗೆ ಕತ್ತರಿಸಿ ಬೆಸುಗೆ ಹಾಕಿ ಕೊಡುತ್ತಾರೆ. ಮೂರು ಅಳತೆ ಬರೆದುಕೊಟ್ಟೆ. ಒಂಬತ್ತು ಇಂಚಿನದರ ಚೀಟಿ ನೋಡಿ ನಕ್ಕರು. "ಇಷ್ಟ್ ಸಣ್ಣ ಗಾಲಿಗೆ ಈ ಪಟ್ಟಿ ತಡಿಯಂಗಿಲ್ರಿ, ಎರಡ್ ದಿನಕ್ಕ ಕಡೀತದ."

ಕಾಕಾ ಹೇಳಿದ್ದು ಸರಿ. ಚಕ್ರದ ವ್ಯಾಸದ ಸಾವಿರದಲ್ಲೊಂದು ಪಾಲು ಬ್ಲೇಡಿನ ದಪ್ಪ ಅನ್ನುವುದು ಹಳೇ ಲೆಕ್ಕ. 18 ಇಂಚು ಅಂದರೆ 457 ಮಿಲಿಮೀಟರ್, ಅರ್ಧ ಮಿಲಿಮೀಟರ್ ದಪ್ಪದ ಬ್ಲೇಡು ಆರಾಮಾಗಿ ಬಾಗುತ್ತದೆ. 14ಕ್ಕೆ ಅದೇ ಬ್ಲೇಡು ಸ್ವಲ್ಪ ಬಿಗಿ, ನಡೆಯುತ್ತದೆ. 9 ಇಂಚಿನ ಚಕ್ರದ ಮೇಲೆ ಪ್ರತಿ ಸುತ್ತಿಗೂ ಜಾಸ್ತಿ ಬಾಗಿ ಬಾಗಿ ಬಿರುಕು ಬಿಡುತ್ತದೆ. ಅದಕ್ಕೆ ತೆಳು ಬ್ಲೇಡೇ ಆಗಬೇಕು, ಅದು ಕೊರಿಯರ್‌ನಲ್ಲೇ ಬರಬೇಕು.

ಎರಡನೇ ಸುತ್ತು ಹೊಸ ಬ್ಲೇಡುಗಳಲ್ಲಿ. ಸೀಳಲು ಇಂಚಿಗೆ 3 ಹಲ್ಲಿನದು. ಪುಟ್ಟದರಲ್ಲಿ ಮೂರೂವರೆ ಇಂಚಿಗಿಂತ ಎತ್ತರದ ಕಟ್ಟಿಗೆ ಹೋಗುವುದಿಲ್ಲ, ಹಲಗೆಯ ಒಂದು ತುಂಡನ್ನು ಕಿರಿದು ಮಾಡಿಕೊಂಡೆ. ಆದರೂ ಮೇಲೆ 3, ಕೆಳಗೆ 3.6. ಬ್ಲೇಡನ್ನು ಎಳೆದು ಹಿಡಿಯುವ ಸ್ಪ್ರಿಂಗ್ ಪೂರ್ತಿ ಬಿಗಿ ಮಾಡಿದರೆ ಚೌಕಟ್ಟೇ ಬಾಗುತ್ತದೆ. ಆದರೆ ಕಾಲು ಇಂಚಿನ ಬ್ಲೇಡು ಹಾಕಿ ಎತ್ತಿನ ಕೋಡು ತಿರುವಿದರೆ, ಆಹಾ! ಸದ್ದಿಲ್ಲ, ನಡುಕವಿಲ್ಲ. ಬರೀ ಆಟಿಕೆ ಮಾಡುವವರು ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ.

14 ಇಂಚಿನದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಒಂದು ಎಚ್‌ಪಿ, 16 ಆಂಪ್ ಪ್ಲಗ್ಗಿಗೆ ಸಿಕ್ಕಿಸಿದರೆ ಆಯಿತು. ಆರು ಇಂಚಿನ ಹಲಗೆಯಲ್ಲಿ 3 ಮತ್ತು 3.3. ಒಳ್ಳೇ ಮಷೀನು. ಬೇಸರ ಒಂದೇ, ಆರು ಇಂಚಿಗೆ ಅದರ ಎತ್ತರ ಮುಗಿಯಿತು. ಕಂಬದ ನಡುವೆ ಬೀಡಿನ ತುಂಡು ಸೇರಿಸಿ ಎತ್ತರಿಸಬಹುದು, ಆಗ ಹಳೇ ಬ್ಲೇಡುಗಳೆಲ್ಲ ಉದ್ದ ಸಾಲದೆ ಮೂಲೆ ಸೇರುತ್ತವೆ.

ಇನ್ನು ಹಳೇ ಹದಿನೆಂಟು. ಮೇಜಿನ ಮೇಲೆ ತುಕ್ಕು, ಬೆಳಗಾವಿ ಮಳೆಗೆ ಅದು ಹೊಸದಲ್ಲ ಬಿಡಿ. ಬೇರಿಂಗ್ ಕಿರ್ ಅನ್ನುತ್ತಿತ್ತು. ಆದರೂ ಓಡುವಾಗ ಹತ್ತು ರೂಪಾಯಿ ನಾಣ್ಯವನ್ನು ಮೇಜಿನ ಮೇಲೆ ನಿಲ್ಲಿಸಿದೆ, ಬೀಳಲಿಲ್ಲ. ಚಕ್ರದ ತೂಕ ಸುತ್ತಲೂ ಸಮವಾಗಿದೆ ಅಂತ ಅರ್ಥ. ಆರು ಇಂಚಿನ ಅದೇ ಹಲಗೆ, 3 ಮತ್ತು 3.1. ಹೊಸ ಬ್ಲೇಡು ಹಾಕಿದ ಮೇಲೆ ಅದೇ ಮಷೀನು ಅಂತ ನಂಬಲಾಗಲಿಲ್ಲ. ಕಾಲು ಇಂಚಿನ ಬ್ಲೇಡು ಮಾತ್ರ ಅಷ್ಟು ದೊಡ್ಡ ಚಕ್ರದ ಮೇಲೆ ಒಂದು ಕಡೆ ನಿಲ್ಲಲು ಒಲ್ಲೆ ಅಂತು.

ತೊಡಕು ಇದ್ದದ್ದು ಮೋಟಾರಿನಲ್ಲಿ: ಎರಡು ಎಚ್‌ಪಿ, ಮೂರು ಫೇಸ್. ಇದಕ್ಕಾಗಿ ಹೆಸ್ಕಾಂನಿಂದ ಬೇರೆ ಕನೆಕ್ಷನ್ ಬೇಕಿಲ್ಲ. ನಮ್ಮಲ್ಲಿ ಇಷ್ಟು ಸಣ್ಣ ಮೋಟಾರುಗಳು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿ ಇರುತ್ತವೆ, ಅಂದರೆ ಒಳಗಿನ ಮೂರು ಸುರುಳಿಗಳ ಒಂದೊಂದು ತುದಿ ಒಂದೇ ಕಡೆ ಸೇರಿರುತ್ತದೆ. ಮೋಟಾರಿನ ವೈರಿನ ಡಬ್ಬಿ ತೆರೆದಾಗ ಆ ಸುರುಳಿಗಳ ಆರೂ ತುದಿ ಹೊರಗೆ ಬಂದಿದ್ದರೆ, ಅವನ್ನು ತ್ರಿಕೋನದ ಹಾಗೆ ಜೋಡಿಸಿ ಡೆಲ್ಟಾ ಮಾಡಬಹುದು, ಆಗ 230 ವೋಲ್ಟ್ ಸಾಕು. ಸಿಂಗಲ್ ಫೇಸ್ ತಗೊಂಡು ಮೂರು ಫೇಸ್ ಕೊಡುವ ವಿಎಫ್‌ಡಿ ಡ್ರೈವ್ ಒಂದನ್ನು ನಡುವೆ ಕೂರಿಸಿದರೆ ಮುಗಿಯಿತು. ನಾನು ಡಬ್ಬಿ ತೆರೆದೆ. ಆರು ತುದಿ ಇದ್ದವು. ಅಲ್ಲೇ ಮುಂಗಡ ಕೊಟ್ಟೆ.

ಮನೆಯಲ್ಲಿ ಬೈಗುಳ ಬಿತ್ತು. "ಹಳೇದ್ ತಂದು ಮತ್ತ ರಿಪೇರಿ ಮಾಡ್ಕೋತ ಕೂಡ್ತೀರೇನ್ರಿ?" ಕೂತದ್ದು ನಿಜ, ಮೂರು ಭಾನುವಾರ. ಉದ್ಯಮಬಾಗದಲ್ಲಿ ಬೀಡು ಎರಕ ಹೊಯ್ಯುವವರಿಂದ ಹಿಡಿದು ಲೇತ್‌ನವರ ತನಕ ಎಲ್ಲರೂ ಇದ್ದಾರೆ. ಬೇರಿಂಗ್ ಹೊಸದು, ಚಕ್ರದ ರಬ್ಬರು ಹೊಸದು, ಕೆಳಗಿನ ಚಕ್ರಕ್ಕೆ ಇಲ್ಲದಿದ್ದ ತಗಡಿನ ಮುಚ್ಚಳ ಹೊಸದು. ಡ್ರೈವ್ ಸೇರಿ ಲೆಕ್ಕ ಹಾಕಿದರೆ 14 ಇಂಚಿನ ಹೊಸದರ ಬೆಲೆಗೇ ಹೋಗಿ ನಿಂತಿತು. ಉಳಿತಾಯ ಅಂತ ಯಾರಿಗೂ ಹೇಳುತ್ತಿಲ್ಲ.

ಮಷೀನು ಬಾಗಿಲಲ್ಲಿ ಹೋಗಲಿಲ್ಲ, ಬಾಗಿಲಿನ ಚೌಕಟ್ಟು ಬಿಚ್ಚಿದೆವು. ಈಗ ಒಂಬತ್ತು ಇಂಚಿನ ಹಲಗೆಯನ್ನೂ ಸೀಳುತ್ತೇನೆ. ಎತ್ತಿನ ಕೋಡು ಮಾತ್ರ ಇವತ್ತಿಗೂ ಗೆಳೆಯರ ಮನೆಗೆ ಹೋಗಿ ಆ ಪುಟ್ಟ ಮಷೀನಿನಲ್ಲೇ ಕೊಯ್ದುಕೊಂಡು ಬರುತ್ತೇನೆ. ಬದಲಿಗೆ ಅವರ ದಪ್ಪ ಹಲಗೆಗಳು ನಮ್ಮಲ್ಲಿಗೆ ಬರುತ್ತವೆ.