ಹಾಸನದ ಮಧ್ಯಾಹ್ನದ ಊಟ: ಹೋಟೆಲಿನ ಎಲೆಯೋ, ಮೆಸ್ಸಿನ ಮುದ್ದೆಯೋ?

ಹೊಳೆನರಸೀಪುರದಿಂದ ದಿನವೂ ರೈಲಿನಲ್ಲಿ ಹಾಸನಕ್ಕೆ ಬಂದು, ಬಿ.ಎಂ. ರಸ್ತೆಯ ಪಕ್ಕದ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಲೆಕ್ಕ ಬರೆಯುವ ನಾನು ಒಂಬತ್ತು ವರ್ಷ ಮನೆಯಿಂದಲೇ ಡಬ್ಬಿ ತಂದವಳು. ಅಮ್ಮನ ಮಂಡಿನೋವು ಹೆಚ್ಚಾಗಿ, ಬೆಳಗಿನ ಜಾವ ಎದ್ದು ಒಲೆಯ ಮುಂದೆ ನಿಲ್ಲುವುದು ಆಕೆಗೆ ಕಷ್ಟವಾದ ಮೇಲೆ, ಕಳೆದ ದೀಪಾವಳಿಯ ಹೊತ್ತಿಗೆ ಡಬ್ಬಿ ನಿಂತಿತು. ಊಟಕ್ಕೆ ನನಗಿರುವ ಬಿಡುವು ನಲವತ್ತು ನಿಮಿಷ. ಅಷ್ಟರಲ್ಲಿ ನಡೆದು ಹೋಗಿ, ಉಂಡು, ಮತ್ತೆ ಮೇಜಿಗೆ ಬಂದು ಕೂರಬಹುದಾದ ದೂರದಲ್ಲಿ ಎರಡು ಜಾಗಗಳು ಸಿಕ್ಕವು. ಒಂದು ಮುಖ್ಯರಸ್ತೆಯ ಸಸ್ಯಾಹಾರಿ ಹೋಟೆಲು, ಇನ್ನೊಂದು ಕಟ್ಟಿನಕೆರೆ ಮಾರುಕಟ್ಟೆಯ ಹಿಂದಿನ ಓಣಿಯೊಂದರಲ್ಲಿ ಗಂಡ ಹೆಂಡತಿ ಸೇರಿ ನಡೆಸುವ ಮುದ್ದೆ ಮೆಸ್ಸು. ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಲ್ಲಿ ಈ ಊರಿನ ಯಾವ ಊಟದ ಮನೆಯನ್ನೂ ಅಳೆಯಬಾರದು. ಆಗ ಬಡಿಸುವವರಿಗೆ ಉಣ್ಣುವವರ ಮುಖ ನೋಡಲೂ ಪುರಸೊತ್ತಿರುವುದಿಲ್ಲ. ಆದ್ದರಿಂದ ಬಾಗಿಲು ಹಾಕಿ ಜನ ಚದುರಿದ ಮೇಲೆ ಆರಂಭಿಸಿ ಸಂಕ್ರಾಂತಿಯವರೆಗೆ ಹೋಟೆಲಿನಲ್ಲಿ ಹದಿನೆಂಟು ಸಲ, ಮೆಸ್ಸಿನಲ್ಲಿ ಇಪ್ಪತ್ಮೂರು ಸಲ ಉಂಡೆ.

ಹೋಟೆಲಿನ ಊಟಕ್ಕೆ 120 ರೂಪಾಯಿ. ಅದರ ಮೇಲೆ ಶೇಕಡಾ 5ರ ಜಿಎಸ್‌ಟಿ ಸೇರಿ 126. ಗಲ್ಲಾದಲ್ಲಿ ಟೋಕನ್ ಪಡೆದು ಒಳಗೆ ಹೋದರೆ ತಟ್ಟೆಯ ಮೇಲೆ ದುಂಡಗೆ ಕತ್ತರಿಸಿದ ಬಾಳೆ ಎಲೆ ಬರುತ್ತದೆ. ಎರಡು ಚಪಾತಿ ಅಥವಾ ಪೂರಿ, ಸಾಗು, ಒಂದು ಪಲ್ಯ, ಕೋಸಂಬರಿ, ಅನ್ನ, ಸಾಂಬಾರು, ತಿಳಿಸಾರು, ಮೊಸರು, ಹಪ್ಪಳ, ಉಪ್ಪಿನಕಾಯಿ ಮತ್ತು ಪಾಯಸ, ಹೀಗೆ ಪಟ್ಟಿ ಉದ್ದವಾಗಿಯೇ ಇದೆ. ಅದರಲ್ಲಿ ನಿಜವಾಗಿ ಮೆಚ್ಚಬೇಕಾದದ್ದು ತಿಳಿಸಾರು. ಮೆಣಸು, ಜೀರಿಗೆ ಮತ್ತು ಇಂಗಿನ ಹದ ಹದಿನೆಂಟು ದಿನಗಳಲ್ಲಿ ಒಮ್ಮೆಯೂ ತಪ್ಪಲಿಲ್ಲ. ಸಾಂಬಾರಿಗೆ ಮಾತ್ರ ಬೆಲ್ಲದ ಕೈ ಸ್ವಲ್ಪ ಮುಂದು. ಕರಾವಳಿಯ ಕಡೆಯವರಿಗೆ ಅದು ಹಿತವೆನಿಸಬಹುದು, ನಮ್ಮ ಕಡೆಯ ಖಾರದ ನಾಲಿಗೆಗೆ ಒಗ್ಗುವುದಿಲ್ಲ. ಪಲ್ಯ ವಾರದಲ್ಲಿ ಮೂರು ದಿನ ಎಲೆಕೋಸಿನದೇ. ಆಲೂಗಡ್ಡೆಗೆ ಹೆಸರಾದ ಜಿಲ್ಲೆಯ ನಡುವೆ ಕುಳಿತು, ಆಲೂಗಡ್ಡೆಯನ್ನು ಬೆಳಗಿನ ಮಸಾಲೆ ದೋಸೆಗೆ ಮಾತ್ರ ಮೀಸಲಿಟ್ಟು ಮಧ್ಯಾಹ್ನಕ್ಕೆ ಕೋಸು ಬಡಿಸುವುದರ ತರ್ಕ ನನಗೆ ಇನ್ನೂ ಹೊಳೆದಿಲ್ಲ.

ಇಷ್ಟಾದರೂ ಆ ಹೋಟೆಲಿನ ಊಟವನ್ನು ಕೆಟ್ಟದ್ದೆಂದು ಹೇಳಲಾರೆ. ನನ್ನ ತಕರಾರು ಇರುವುದು ಎರಡನೇ ಸಲದ ಬಡಿಸುವಿಕೆಯಲ್ಲಿ. ಬೋರ್ಡಿನ ಮೇಲೆ ಊಟಕ್ಕೆ ಮಿತಿಯಿಲ್ಲ ಎಂದು ಬರೆದಿದೆ. ಆದರೆ ಅನ್ನದ ಬುಟ್ಟಿ ಹಿಡಿದವರು ಒಮ್ಮೆ ಬಂದು ಹೋದರೆ, ಮತ್ತೆ ಬರುವಷ್ಟರಲ್ಲಿ ಎಲೆಯ ಮೇಲಿನ ಸಾರು ಒಣಗಿರುತ್ತದೆ. ಪಲ್ಯವನ್ನು ಎರಡನೇ ಸಲ ಕೇಳಿದಾಗ "ತರ್ತೀನಿ ಮೇಡಂ" ಎಂಬ ಉತ್ತರ ಪ್ರತಿಸಲವೂ ಬಂತು, ಪಲ್ಯ ಬಂದದ್ದು ನಾಲ್ಕು ಸಲ. ಹೆಂಗಸೊಬ್ಬಳೇ ಬಂದರೆ ಕೆಳಗೆ ಖಾಲಿ ಕುರ್ಚಿಗಳಿದ್ದರೂ "ಫ್ಯಾಮಿಲಿ ರೂಮ್ ಮೇಲಿದೆ" ಎಂದು ಮಹಡಿಗೆ ಕಳಿಸುತ್ತಾರೆ. ಅವರ ಪಾಲಿಗೆ ಇದು ಮರ್ಯಾದೆಯ ಮಾತೇ ಇರಬಹುದು, ಆದರೆ ಅಡುಗೆಮನೆ ಇರುವುದು ಕೆಳಗೆ, ಬಡಿಸುವವರ ಕಾಲಿಗೂ ದಣಿವಿದೆ, ಹಾಗಾಗಿ ಮೇಲೆ ಕುಳಿತವರಿಗೆ ಎಲ್ಲವೂ ತಡವಾಗಿ ಮತ್ತು ಒಂದೇ ಸಲ ಬರುತ್ತದೆ. ಮೂರನೆಯ ವಾರದಿಂದ ನಾನು ಆ ಮಾತು ಕಿವಿಗೆ ಬೀಳದವಳಂತೆ ಕೆಳಗಿನ ಕಂಬದ ಪಕ್ಕದಲ್ಲೇ ಕೂರತೊಡಗಿದೆ. ಊಟ ಮುಗಿಯುವ ಹೊತ್ತು ಇಪ್ಪತ್ತೈದು ನಿಮಿಷದಿಂದ ಹದಿನೈದಕ್ಕೆ ಇಳಿಯಿತು.

ಮೆಸ್ಸಿನದು ಬೇರೆಯೇ ಲೋಕ. ತಗಡಿನ ಮಾಡು, ನಾಲ್ಕು ಉದ್ದನೆಯ ಬೆಂಚುಗಳು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಆ ದಿನದ ಸಾರಿನ ಹೆಸರು. ಒಂದು ಮುದ್ದೆ, ಸಾರು, ಪಲ್ಯ, ಸ್ವಲ್ಪ ಅನ್ನ, ಒಂದು ಲೋಟ ಮಜ್ಜಿಗೆಗೆ 80 ರೂಪಾಯಿ. ಆಯ್ಕೆಯೆಂಬುದು ಇಲ್ಲ, ಅಂದು ಏನು ಬೆಂದಿದೆಯೋ ಅದೇ ಊಟ. ಬಿಲ್ಲಿನ ಪ್ರಶ್ನೆಯೂ ಇಲ್ಲ. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟದ ಇಂಥ ಸಣ್ಣ ಮೆಸ್ಸಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲವಾದ್ದರಿಂದ, ದಿನವಿಡೀ ಅದೇ ಲೆಕ್ಕ ಬರೆಯುವ ನನಗೂ ಇದರಲ್ಲಿ ಆಕ್ಷೇಪಿಸಲು ಏನೂ ಕಾಣಲಿಲ್ಲ.

ಮೊದಲ ದಿನ ಓಣಿಯಲ್ಲಿ ಇಣುಕಿ ಹಿಂದೆ ಸರಿದಿದ್ದೆ. ಒಳಗಿದ್ದವರೆಲ್ಲ ಮಾರುಕಟ್ಟೆಯ ಹಮಾಲರು, ತರಕಾರಿ ಲಾರಿಯ ಚಾಲಕರು, ದಲ್ಲಾಳಿ ಅಂಗಡಿಯ ಗುಮಾಸ್ತರು. ಹೆಂಗಸರ ಸುಳಿವೇ ಇರಲಿಲ್ಲ. ಒಲೆಯ ಮುಂದಿದ್ದ ಅಕ್ಕ ನನ್ನನ್ನು ನೋಡಿ "ಯಾಕವ್ವ ನಿಂತ್ಕಂಡೆ, ಈ ಕಡೆ ಬಾ" ಎಂದು ಕರೆದು ಅಡುಗೆಯ ಕಟ್ಟೆಯ ಪಕ್ಕದ ಬೆಂಚಿನ ತುದಿಯನ್ನು ತೋರಿಸಿದಳು. ಅಂದಿನಿಂದ ಆ ತುದಿಯೇ ನನ್ನ ಜಾಗ. ಅಲ್ಲಿ ಕುಳಿತದ್ದರಿಂದ ಅಡುಗೆ ಆಗುವ ಬಗೆಯೂ ಕಣ್ಣಿಗೆ ಬಿತ್ತು. ಕುದಿಯುವ ನೀರಿಗೆ ಮೊದಲು ಒಂದಿಷ್ಟು ಹಿಟ್ಟನ್ನು ಕದಡಿ ಹಾಕಿ, ಉಕ್ಕು ಬಂದ ಮೇಲೆ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೋಲಿನಿಂದ ನಡುವೆ ತೂತು ಮಾಡಿ ಬೇಯಲು ಬಿಡುತ್ತಾಳೆ. ಆಮೇಲೆ ಗಂಡ ಪಾತ್ರೆಯನ್ನು ಕವೆಗೋಲಿನಲ್ಲಿ ಅದುಮಿ ಹಿಡಿದರೆ ಈಕೆ ಗಂಟಿಲ್ಲದಂತೆ ತೊಳಸಿ, ಒದ್ದೆ ಬೆರಳಿನಿಂದ ಮುಟ್ಟಿ, ಅಂಟದಿದ್ದರೆ ಮಾತ್ರ ಇಳಿಸುತ್ತಾಳೆ. ಮುದ್ದೆಯ ಒಳಗೆ ಹಸಿ ಹಿಟ್ಟು ಸಿಕ್ಕ ದಿನ ಇಪ್ಪತ್ಮೂರರಲ್ಲಿ ಒಂದೂ ಇಲ್ಲ.

ವಾರಕ್ಕೆರಡು ಸಲವಾದರೂ ಬಸ್ಸಾರು ಇರುತ್ತದೆ, ಮತ್ತು ಈ ಹೋಲಿಕೆಯನ್ನು ತೀರ್ಮಾನಿಸಿದ್ದು ಅದೇ ಎಂದರೂ ತಪ್ಪಿಲ್ಲ. ಬೇಳೆಯನ್ನೂ ಸೊಪ್ಪನ್ನೂ ಒಟ್ಟಿಗೆ ಬೇಯಿಸಿ, ಕಟ್ಟನ್ನು ಬಸಿದುಕೊಂಡು, ಅದಕ್ಕೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸಿನಕಾಯಿ, ಕಾಯಿ, ಹುಣಸೆಹಣ್ಣು ರುಬ್ಬಿ ಕುದಿಸಿದರೆ ಸಾರು. ಬಸಿದು ಉಳಿದ ಸೊಪ್ಪು ಬೇಳೆಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಪಾತ್ರೆಯಿಂದ ಎರಡು ಅಡುಗೆ ಎದ್ದು ಬರುವ ಈ ವಿದ್ಯೆ ಗೊತ್ತಿರುವುದರಿಂದಲೇ ಆಕೆ 80 ರೂಪಾಯಿಗೆ ಹೊಟ್ಟೆ ತುಂಬ ಬಡಿಸಲು ಸಾಧ್ಯವಾಗಿದೆ ಎಂದು ನನ್ನ ಲೆಕ್ಕಾಚಾರ. ಧನುರ್ಮಾಸದಲ್ಲಿ ಸೊಗಡಿನ ಅವರೆ ಬಂದಾಗ ಹಿತಕಿದ ಬೇಳೆಯ ಸಾರು ಮಾಡಿದ್ದಳು. ಆ ವಾರ ಹೋಟೆಲಿನ ಸರದಿಯನ್ನು ನಾನು ತಪ್ಪಿಸಿಕೊಂಡೆ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಮೇಲೆ ಹೇಳಿದ ಎಣಿಕೆಯಲ್ಲಿ ಮೆಸ್ಸಿನ ಸಂಖ್ಯೆ ಮುಂದಿರುವುದಕ್ಕೆ ಅದೇ ಕಾರಣ.

ಎರಡನೇ ಸಲದ ಮಾತಿಗೆ ಬಂದರೆ, ಇಲ್ಲಿ ಮಿತಿಯುಂಟು. ಇನ್ನೊಂದು ಮುದ್ದೆ ಬೇಕೆಂದರೆ 15 ರೂಪಾಯಿ ಎಂದು ಗೋಡೆಯ ಮೇಲೇ ಬರೆದಿದೆ. ಆದರೆ ಸಾರಿಗೆ ಲೆಕ್ಕವಿಲ್ಲ. ತಟ್ಟೆಯಲ್ಲಿ ಮುದ್ದೆ ಉಳಿದು ಸಾರು ಮುಗಿಯುವ ಹೊತ್ತನ್ನು ಅಕ್ಕ ದೂರದಿಂದಲೇ ನೋಡಿ ಸೌಟು ಹಿಡಿದು ಬರುತ್ತಾಳೆ, ಕೇಳುವ ಅಗತ್ಯವೇ ಬೀಳುವುದಿಲ್ಲ. ಮಿತಿಯಿಲ್ಲವೆಂದು ಬರೆದ ಕಡೆ ಕೈಯೆತ್ತಿ ಕಾಯಬೇಕಾಯಿತು, ಮಿತಿ ಬರೆದ ಕಡೆ "ಸಾಕು ಅಕ್ಕ" ಎಂದು ಕೈ ಅಡ್ಡ ಹಿಡಿಯಬೇಕಾಯಿತು.

ಮೆಸ್ಸಿನ ಕೊರತೆಗಳನ್ನು ಮುಚ್ಚಿಡುವುದಿಲ್ಲ. ಕೈ ತೊಳೆಯಲು ಇರುವುದು ಒಂದೇ ನಲ್ಲಿ, ಅದೂ ಹೊರಗಡೆ. ತಟ್ಟೆಗಳು ಸ್ಟೀಲಿನವು; ಜನ ಹೆಚ್ಚಿದ ದಿನ ಅವನ್ನು ಒಂದೇ ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆಯುವುದನ್ನು ಎರಡು ಸಲ ಕಂಡು, ಎರಡೂ ಸಲ ನಲ್ಲಿಯಲ್ಲಿ ನಾನೇ ಮತ್ತೊಮ್ಮೆ ತೊಳೆದುಕೊಂಡೆ. ಶುಚಿತ್ವದ ವಿಷಯದಲ್ಲಿ ಹೋಟೆಲಿನ ಬಾಳೆ ಎಲೆಗೆ ಸಾಟಿಯಿಲ್ಲ, ಅದರಲ್ಲಿ ಚರ್ಚೆಯೇ ಬೇಡ. ಬುಧವಾರ ಮೆಸ್ಸಿನಲ್ಲಿ ಕೋಳಿಸಾರು ಮಾಡುವುದರಿಂದ, ಸಸ್ಯಾಹಾರಿಗಳಿಗೆ ಆ ದಿನ ಬೇಳೆಸಾರಿನ ಹೊರತು ಬೇರೆ ದಾರಿಯಿಲ್ಲ. ಮೂರು ಸಾವಿರ ಅಡಿಗೂ ಎತ್ತರದಲ್ಲಿರುವ ಈ ಊರಿನ ಚಳಿಗಾಲದಲ್ಲಿ ಮುದ್ದೆ ಬಹುಬೇಗ ಆರುತ್ತದೆ. ಮೊಬೈಲು ನೋಡುತ್ತ ನಿಧಾನವಾಗಿ ಉಣ್ಣುವವರಿಗೆ ಅದು ಹೇಳಿಸಿದ್ದಲ್ಲ.

ಊಟದ ನಂತರದ ಮಾತನ್ನೂ ಸೇರಿಸಬೇಕು. ಪಾಯಸದವರೆಗೆ ಉಂಡು ಬಂದ ದಿನ ಮೂರು ಗಂಟೆಯ ಸುಮಾರಿಗೆ ಕಣ್ಣೆಳೆಯುತ್ತಿತ್ತು. ಒಮ್ಮೆ ಒಂದೇ ಇನ್‌ವಾಯ್ಸನ್ನು ಎರಡು ಸಲ ನಮೂದಿಸಿ ಬೈಸಿಕೊಂಡೆ. ಮುದ್ದೆ ಉಂಡ ದಿನ ಹಾಗಾಗಲಿಲ್ಲ, ಸಂಜೆಯ ರೈಲು ಹತ್ತುವವರೆಗೂ ಹಸಿವೂ ಕಾಣಲಿಲ್ಲ. ಇದು ನನ್ನ ದೇಹದ ಮಾತು, ಎಲ್ಲರಿಗೂ ಹೀಗೇ ಆಗುತ್ತದೆಂದು ವಾದಿಸುವುದಿಲ್ಲ.

ನಡುವೆ ನಾಲ್ಕು ದಿನ ನಿಂತುಣ್ಣುವ ದರ್ಶಿನಿಯೊಂದರಲ್ಲಿ ರೈಸ್‌ಬಾತು, ಮೊಸರನ್ನ ತಿಂದು ನೋಡಿದೆ. ಏಳು ನಿಮಿಷದಲ್ಲಿ ಮುಗಿಯುತ್ತದೆ, 50 ರೂಪಾಯಿ ಆಗುತ್ತದೆ, ನಾಲ್ಕೂವರೆಗೆ ಮತ್ತೆ ಹಸಿವಾಗುತ್ತದೆ. ಅದನ್ನು ಊಟವೆಂದು ಲೆಕ್ಕಕ್ಕೆ ಹಿಡಿಯಲಿಲ್ಲ.

ತಿಂಗಳಿಗೆ ಇಪ್ಪತ್ತೆರಡು ಕೆಲಸದ ದಿನಗಳೆಂದು ಹಿಡಿದರೆ ಹೋಟೆಲಿಗೆ 2,772 ರೂಪಾಯಿ, ಮೆಸ್ಸಿಗೆ 1,760. ಸಾವಿರಕ್ಕೆ ಮೀರಿದ ಈ ಅಂತರ ನನ್ನ ಸಂಬಳದವರಿಗೆ ಸಣ್ಣದಲ್ಲ. ಆದರೂ ಪೂರ್ತಿ ಮೆಸ್ಸಿಗೇ ಹೋಗಲು ನನ್ನ ಕೆಲಸ ಬಿಡುವುದಿಲ್ಲ. ಪ್ರತಿ ತಿಂಗಳು 11ನೇ ತಾರೀಖು ಮಾರಾಟದ ವಿವರದ ಜಿಎಸ್‌ಟಿಆರ್-1 ಸಲ್ಲಿಸಲು, 20ನೇ ತಾರೀಖು ತೆರಿಗೆ ಲೆಕ್ಕದ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕೊನೆಯ ದಿನ. ಅದರ ಹಿಂದಿನ ಎರಡು ಮೂರು ದಿನ ನಾನು ಮೇಜಿನಿಂದ ಏಳುವುದೇ ಎರಡೂವರೆಯ ನಂತರ. ಹೋಟೆಲಿನಲ್ಲಿ ಮೂರೂವರೆಯವರೆಗೆ ಊಟ ಸಿಗುತ್ತದೆ, ತಿಳಿಸಾರು ಆಗಲೂ ಬಿಸಿಯಾಗಿರುತ್ತದೆ. ಮೆಸ್ಸಿನಲ್ಲಿ ಎರಡಕ್ಕೆಲ್ಲ ಮುದ್ದೆ ಖಾಲಿ. ಡಿಸೆಂಬರಿನಲ್ಲಿ ಒಮ್ಮೆ ತಡವಾಗಿ ಹೋದಾಗ ಅಕ್ಕ ಅನ್ನ, ಸಾರು ಮಾತ್ರ ಬಡಿಸಿ, ನಾನು ಕೊಟ್ಟ 80ರಲ್ಲಿ 20 ರೂಪಾಯಿ ವಾಪಸು ಕೊಟ್ಟಳು. ನನಗಾಗಿ ಒಂದು ಮುದ್ದೆ ಎತ್ತಿಡಬಹುದಲ್ಲ ಎಂದು ಕೇಳಿದ್ದಕ್ಕೆ "ಆರಿದ್ ಮುದ್ದೆ ಇಕ್ಕಕೆ ನಂಗೆ ಮನಸ್ ಬರಕಿಲ್ಲ ಕಣವ್ವ, ನೀನೇ ಹೊತ್ತಿಗ್ ಸರಿಯಾಗ್ ಬಾ" ಎಂದಳು. ಹಾಗಾಗಿ ಆ ಐದಾರು ದಿನ ಹೋಟೆಲಿನ ಕಂಬದ ಪಕ್ಕದ ಕುರ್ಚಿ, ಉಳಿದ ದಿನ ಒಂದೂಕಾಲಿಗೆ ಮೆಸ್ಸಿನ ಬೆಂಚಿನ ತುದಿ.