ಹೆರಿಗೆಗೆ ಹೊರಡುವ ಮುಂಚೆ ಕೊಡುವ ಆ ಕಾಗದಕ್ಕೆ ಸಹಿ ಹಾಕಬೇಡಿ

ಕಾಸರಗೋಡು ಪೇಟೆಯ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬು. ಅಲ್ಲಿ ನಾಲ್ಕು ವರ್ಷ ನಾಲ್ಕು ತಿಂಗಳು ಟೆಕ್ನಿಷಿಯನ್ ಆಗಿದ್ದ ಹೆಣ್ಣುಮಗಳಿಗೆ ಸಂಬಳ 15,000 ರೂಪಾಯಿ. ಮಾರ್ಚ್ 15ಕ್ಕೆ ಹೆರಿಗೆ ಎಂದು ಡಾಕ್ಟರು ಬರೆದಿದ್ದರು. ಡಿಸೆಂಬರ್ ಕೊನೆಗೆ ಏಳನೇ ತಿಂಗಳ ಸೀಮಂತ, ಅದು ಮುಗಿಸಿ ತಾಯಿಮನೆಗೆ ಹೋಗುವುದೆಂದು ತೀರ್ಮಾನ. ಹೊರಡುವ ಹಿಂದಿನ ದಿನ ಮ್ಯಾನೇಜರ್ ಕರೆದು ಹೇಳಿದ್ದು ಇಷ್ಟು: "ನೀವು ಆರಾಮಾಗಿ ಹೋಗಿ ಬನ್ನಿ. ಆಫೀಸಿನ ರೆಕಾರ್ಡಿಗೆ ಒಂದು ಕಾಗದ ಬೇಕು, ಇಲ್ಲೊಂದು ಸಹಿ ಹಾಕಿ. ಮಗುವಾದ ಮೇಲೆ ನಿಮ್ಮ ಜಾಗ ಎಲ್ಲಿಗೆ ಹೋಗುತ್ತದೆ?"

ಕಾಗದ ಮಲಯಾಳದಲ್ಲಿತ್ತು. ಆಕೆ ಓದಿದ್ದು ಕನ್ನಡ ಮೀಡಿಯಂ. ಮಲಯಾಳ ಮಾತಾಡಲು ಬರುತ್ತದೆ, ಅಕ್ಷರ ಕೂಡಿಸಿ ಓದಲು ಹೊತ್ತು ಬೇಕು. ಮೇಲೆ ಏನು ಬರೆದಿದೆ ಎಂದು ಕೇಳಿದ್ದಕ್ಕೆ "ರಾಜಿ" ಎಂಬ ಉತ್ತರ ಬಂತು. ನಮ್ಮ ಕಿವಿಗೆ ರಾಜಿ ಎಂದರೆ ಇಬ್ಬರೂ ಒಪ್ಪಿದ ಮಾತು. ಮಲಯಾಳದಲ್ಲಿ ರಾಜಿ ಎಂದರೆ ರಾಜೀನಾಮೆ. ಆಕೆ ಸಹಿ ಹಾಕಿದಳು.

ಸೆಪ್ಟೆಂಬರಿನಲ್ಲಿ ಫೋನ್ ಮಾಡಿದಾಗ ಜಾಗ ಖಾಲಿ ಇಲ್ಲ ಎಂದರು. ಆ ಕುರ್ಚಿಯಲ್ಲಿ ಕಡಿಮೆ ಸಂಬಳಕ್ಕೆ ಬಂದ ಬೇರೆ ಹುಡುಗಿ ಕೂತಿದ್ದಳು. ಹೆರಿಗೆ ರಜೆಯ ಹಣ ಕೇಳಿದಾಗ "ನೀವೇ ಬಿಟ್ಟು ಹೋದವರಲ್ಲವಾ" ಎಂದರು.

ಆ ಒಂದು ಸಹಿಗೆ ಆಕೆ ತೆತ್ತದ್ದನ್ನು ಲೆಕ್ಕ ಹಾಕಿ ನೋಡೋಣ. ಹೆರಿಗೆ ರಜೆ 26 ವಾರ, ಅಂದರೆ 182 ದಿನ. ದಿನಕ್ಕೆ ಸುಮಾರು 500ರಂತೆ 91,000 ರೂಪಾಯಿ. ಇದು ಮೊದಲ ನಷ್ಟ. ಎರಡನೆಯದು ಗ್ರಾಚ್ಯುಯಿಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಸಿಗುವ ಇಡಿಗಂಟು. ಐದು ವರ್ಷ ಎಡೆಬಿಡದ ಸೇವೆ ಆಗಿರಬೇಕು, ಹೆರಿಗೆ ರಜೆಯ 26 ವಾರವೂ ಅದರಲ್ಲಿ ಸೇರುತ್ತದೆ. ಆಕೆ ರಜೆಯಲ್ಲಿ ಹೋಗಿದ್ದರೆ ಜುಲೈಯಲ್ಲಿ ಮರಳಿ ಬಂದು ಒಂದೂವರೆ ತಿಂಗಳಿಗೆ ಐದು ವರ್ಷ ತುಂಬುತ್ತಿತ್ತು. ಮೂಲ ವೇತನ ಮತ್ತು ಡಿ.ಎ. (ತುಟ್ಟಿಭತ್ಯೆ) ಸೇರಿ 15,000 ಎಂದಿಟ್ಟುಕೊಂಡರೆ 15,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 5ರಿಂದ ಗುಣಿಸಬೇಕು. 43,269 ರೂಪಾಯಿ. ಅದೂ ಹೋಯಿತು. ಇನ್ನು ಮುಂದೆ ಬೇರೆ ಕಡೆ ಸೇರಿದರೆ ಲೆಕ್ಕ ಸೊನ್ನೆಯಿಂದ ಶುರು.

ಇಂಥದ್ದು ಒಬ್ಬಳಿಗೆ ಮಾತ್ರ ಆಗುವುದಲ್ಲ. ಜವಳಿ ಅಂಗಡಿ, ಆಸ್ಪತ್ರೆ, ಅನುದಾನವಿಲ್ಲದ ಶಾಲೆ, ಫೈನಾನ್ಸ್ ಆಫೀಸು, ಎಲ್ಲ ಕಡೆಯೂ ಇದೇ ದಾರಿ. ಕಾರಣ ಸರಳ. ಹೆರಿಗೆ ರಜೆಯಲ್ಲಿ ಇರುವವಳನ್ನು ತೆಗೆದುಹಾಕುವುದು ಕಾನೂನಿಗೆ ವಿರುದ್ಧ. ಅವಳೇ ಬಿಟ್ಟಳು ಎಂದು ತೋರಿಸಿದರೆ ಆ ಕಾನೂನು ತಾಗುವುದಿಲ್ಲ. ಅದಕ್ಕೇ ಯಾರೂ ಕೆಲಸದಿಂದ ತೆಗೆಯುವುದಿಲ್ಲ, ಸಹಿ ತೆಗೆದುಕೊಳ್ಳುತ್ತಾರೆ.

ಮೊದಲು ಭಾಷೆಯ ವಿಷಯ, ಏಕೆಂದರೆ ನಮ್ಮ ಕಡೆ ಮೋಸ ಅಲ್ಲಿಂದಲೇ ಶುರು. ಮಲಯಾಳ ಕಾಗದದಲ್ಲಿ ಮೂರು ಪದ ಗುರುತಿಟ್ಟುಕೊಳ್ಳಿ. "ರಾಜಿಕ್ಕತ್ತ್" ಎಂದಿದ್ದರೆ ರಾಜೀನಾಮೆ ಪತ್ರ. "ಅವಧಿ" ಎಂದಿದ್ದರೆ ರಜೆ. ನಮ್ಮ ಕನ್ನಡದ ಅವಧಿ ಬೇರೆ, ಅವರ ಅವಧಿ ಬೇರೆ. "ಪ್ರಸವಾವಧಿ" ಎಂದರೆ ಹೆರಿಗೆ ರಜೆ, ನಿಮಗೆ ಬೇಕಾದದ್ದು ಅದು. ಓದಲು ಆಗದಿದ್ದರೆ "ಮನೆಯಲ್ಲಿ ತೋರಿಸಿ ನಾಳೆ ಕೊಡುತ್ತೇನೆ" ಎಂದು ಹೇಳಿ ಫೋಟೊ ತೆಗೆದುಕೊಳ್ಳಿ. ಫೋಟೊ ಬೇಡ ಎಂದರೆ ಆ ಕಾಗದ ಸರಿಯಿಲ್ಲ ಎಂದೇ ಅರ್ಥ. ನಿಮ್ಮ ಅರ್ಜಿಯನ್ನು ನೀವು ಕನ್ನಡದಲ್ಲೇ ಬರೆಯಬಹುದು. ಸರ್ಕಾರಿ ಕಚೇರಿಗೆ ದೂರು ಕೊಡುವಾಗಲೂ ಅಷ್ಟೆ: ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ.

ಈಗ ಹಣ ಯಾರು ಕೊಡುತ್ತಾರೆ ಎಂಬ ಮಾತು. ಹೆಚ್ಚಿನವರು ತಪ್ಪು ತಿಳಿದಿರುವುದು ಇಲ್ಲೇ.

10 ಅಥವಾ ಹೆಚ್ಚು ಜನ ಕೆಲಸ ಮಾಡುವಲ್ಲಿ, ಸಂಬಳ 21,000ದ ಒಳಗಿದ್ದರೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಇರಬೇಕು. ನಿಮ್ಮ ಸಂಬಳದಿಂದ 0.75 ಶೇಕಡಾ ಹಿಡಿಯುತ್ತಾರೆ, ಧನಿಗಳು 3.25 ಶೇಕಡಾ ಹಾಕಬೇಕು. ಇ.ಎಸ್.ಐ. ಇದ್ದವರಿಗೆ 26 ವಾರದ ಹಣ ಕೊಡುವುದು ಇ.ಎಸ್.ಐ. ನಿಗಮ, ಧನಿಗಳಲ್ಲ. ಆ ವಂತಿಗೆ ಬಿಟ್ಟರೆ ಅವರ ಕಿಸೆಯಿಂದ ಬೇರೆ ಒಂದು ರೂಪಾಯಿ ಹೋಗುವುದಿಲ್ಲ. ಹಾಗಿದ್ದೂ ರಾಜೀನಾಮೆ ಕೇಳುತ್ತಾರೆ ಎಂದಾದರೆ ಮೊದಲು ಸಂಶಯಪಡಬೇಕಾದದ್ದು ಲೆಕ್ಕವನ್ನು. ಮೇಲೆ ಹೇಳಿದ ಹೆಣ್ಣುಮಗಳ ವಿಷಯದಲ್ಲೂ ಅದೇ ಹೊರಬಿತ್ತು: ಸಂಬಳದ ಚೀಟಿಯಲ್ಲಿ ಪ್ರತಿ ತಿಂಗಳೂ ಇ.ಎಸ್.ಐ. ಹಿಡಿದಿದ್ದರು, ಕಟ್ಟಿದ್ದು ಎಲ್ಲೋ ಕೆಲವು ತಿಂಗಳು. ಹೆರಿಗೆಯ ಹಣ ಸಿಗಲು 70 ದಿನದ ವಂತಿಗೆ ಬೇಕು, ಲೆಕ್ಕದಲ್ಲಿ 61 ದಿನದ್ದು ಮಾತ್ರ ಇತ್ತು.

ಆ 70 ದಿನವನ್ನು ಎಣಿಸುವ ಕ್ರಮ ಸ್ವಲ್ಪ ತೊಡಕಿನದು, ಆದರೆ ಗೊತ್ತಿರಲೇಬೇಕು. ಇ.ಎಸ್.ಐ. ವರ್ಷವನ್ನು ಎರಡು ವಂತಿಗೆ ಕಾಲವಾಗಿ ಒಡೆಯುತ್ತದೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಜನವರಿಯಿಂದ ಜೂನ್ ಒಳಗೆ ಹೆರಿಗೆ ಆಗುವುದಿದ್ದರೆ ನೋಡುವುದು ಹಿಂದಿನ ವರ್ಷದ ಏಪ್ರಿಲ್–ಸೆಪ್ಟೆಂಬರನ್ನು ಮತ್ತು ಅದಕ್ಕೂ ಹಿಂದಿನ ಅಕ್ಟೋಬರ್–ಮಾರ್ಚನ್ನು. ಅಂದರೆ ಮಾರ್ಚ್‌ನಲ್ಲಿ ಹೆರುವವಳಿಗೆ ಅದರ ಮುಂಚಿನ ಅಕ್ಟೋಬರ್, ನವೆಂಬರ್, ಡಿಸೆಂಬರಿನ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಗರ್ಭಿಣಿ ಎಂದು ತಿಳಿದ ಮೇಲೆ ಧನಿಗಳು ಗಡಿಬಿಡಿಯಲ್ಲಿ ಕಟ್ಟಿದರೆ ಪ್ರಯೋಜನವಿಲ್ಲ. ಜುಲೈಯಿಂದ ಡಿಸೆಂಬರ್ ಒಳಗಿನ ಹೆರಿಗೆಗೆ ಆ ವರ್ಷದ ಮಾರ್ಚ್‌ಗೆ ಮುಗಿಯುವ ಆರು ತಿಂಗಳು ಮತ್ತು ಅದರ ಹಿಂದಿನ ಆರು ತಿಂಗಳು. ಇ.ಎಸ್.ಐ. ವೆಬ್‌ಸೈಟಿನಲ್ಲಿ ನಿಮ್ಮ ವಿಮಾ ನಂಬರ್ ಹಾಕಿ ಒಳಗೆ ಹೋದರೆ ತಿಂಗಳಿಗೆ ಎಷ್ಟು ದಿನ, ಎಷ್ಟು ಸಂಬಳ ತೋರಿಸಿದ್ದಾರೆ ಎಂಬುದು ಕಾಣುತ್ತದೆ. ಮದುವೆಯಾದ ತಿಂಗಳಲ್ಲೇ ಒಮ್ಮೆ ನೋಡಿ. ಗರ್ಭಿಣಿಯಾಗುವ ತನಕ ಕಾಯಬೇಡಿ.

ದಿನ ಕಡಿಮೆ ತೋರಿಸಿದ್ದರೂ ಎಲ್ಲ ಮುಗಿಯಿತು ಎಂದಲ್ಲ. ಕಾನೂನು ಕೇಳುವುದು ವಂತಿಗೆ ಕಟ್ಟಿದ್ದಾರೋ ಎಂದಲ್ಲ, ಕಟ್ಟಬೇಕಾಗಿತ್ತೋ ಎಂದು. ನೀವು ಕೆಲಸ ಮಾಡಿದ್ದೀರಿ, ಸಂಬಳ ಬಂದಿದೆ ಎಂದು ತೋರಿಸಿದರೆ ಬಾಕಿಯನ್ನು ನಿಗಮ ಧನಿಗಳಿಂದ ವಸೂಲು ಮಾಡಬಹುದು. ಅದಕ್ಕೆ ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಡ್ಯೂಟಿ ಚಾರ್ಟಿನ ಫೋಟೊ ಬೇಕು. ವಾಟ್ಸ್ಯಾಪ್ ಗ್ರೂಪಿನಲ್ಲಿ ಹಾಕಿದ ಡ್ಯೂಟಿ ಲಿಸ್ಟನ್ನು ಅಳಿಸಬೇಡಿ. ಇನ್ನೊಂದು ಮುಖ್ಯ ಮಾತು: ರಾಜೀನಾಮೆ ಕೊಟ್ಟಾಗಿದ್ದರೂ, ಆ 70 ದಿನ ಇದ್ದು ಹೆರಿಗೆ ಅದಕ್ಕೆ ಹೊಂದುವ, ಮೇಲೆ ಹೇಳಿದ ಆರು ತಿಂಗಳೊಳಗೆ ಆಗಿದ್ದರೆ ಇ.ಎಸ್.ಐ. ಶಾಖಾ ಕಚೇರಿಗೆ ಹೋಗಿ ಕ್ಲೇಮ್ ಹಾಕಿ. ಕೆಲಸ ಬಿಟ್ಟ ಮಾತ್ರಕ್ಕೆ ಅದು ತಾನಾಗಿ ಹೋಗುವುದಿಲ್ಲ. ಇದನ್ನು ಹೇಳುವವರಿಲ್ಲದೆ ಎಷ್ಟೋ ಮಂದಿ ಬಿಟ್ಟುಬಿಡುತ್ತಾರೆ.

ಸಂಬಳ 21,000ಕ್ಕಿಂತ ಹೆಚ್ಚು ಅಥವಾ ಇ.ಎಸ್.ಐ. ಅನ್ವಯವಾಗದ ಕಡೆ ಎಂದಾದರೆ ಆಗ ಧನಿಗಳೇ ಕೊಡಬೇಕು. ಹೆರಿಗೆಯ ಅಂದಾಜು ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಮೊದಲು 12 ವಾರ ಇತ್ತು, 2017ರಲ್ಲಿ 26 ಮಾಡಿದರು. 2025ರ ನವೆಂಬರ್ 21ರಿಂದ ಇದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಹೋಗಿದೆ, 80 ದಿನ ಮತ್ತು 26 ವಾರದ ನಿಯಮ ಹಾಗೆಯೇ ಇದೆ. "ಹಳೇ ಕಾಯ್ದೆ ರದ್ದಾಗಿದೆ, ಇನ್ನು ಹಣವಿಲ್ಲ" ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಇಬ್ಬರು ಮಕ್ಕಳಿದ್ದು ಮೂರನೆಯದಕ್ಕೆ 12 ವಾರ. ಗರ್ಭ ಹೋದರೆ 6 ವಾರ. ಕೇರಳದಲ್ಲಿ ಖಾಸಗಿ ಶಾಲೆಯ ಟೀಚರುಗಳಿಗೂ 2020ರಿಂದ ಇದು ಸಿಗುತ್ತದೆ. "ನಮ್ಮದು ಶಾಲೆ, ಅಂಗಡಿಯಲ್ಲ" ಎಂಬ ಮಾತಿಗೆ ಬೆಲೆಯಿಲ್ಲ.

ಇನ್ನು ಸೀಮಂತದ ತೊಡಕು. ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದ ರಜೆ ಹೆಚ್ಚೆಂದರೆ 8 ವಾರ. ಮಾರ್ಚ್ 15 ಹೆರಿಗೆಯ ದಿನವಾದರೆ ಜನವರಿ 18ಕ್ಕಿಂತ ಮೊದಲು ಹೆರಿಗೆ ರಜೆ ಶುರುವಾಗುವುದಿಲ್ಲ. ನಮ್ಮಲ್ಲಿ ಏಳನೇ ತಿಂಗಳಿಗೇ ಮಗಳನ್ನು ಕರೆದುಕೊಂಡು ಹೋಗುತ್ತಾರೆ. ನಡುವೆ ಮೂರು ನಾಲ್ಕು ವಾರ ಯಾವ ರಜೆಯ ಲೆಕ್ಕಕ್ಕೂ ಸೇರದೆ ಉಳಿಯುತ್ತದೆ. "ಹೇಳದೆ ಕೇಳದೆ ಬಿಟ್ಟು ಹೋದಳು" ಎಂದು ಆಮೇಲೆ ಬರೆಯುವುದು ಈ ವಾರಗಳನ್ನು ತೋರಿಸಿ. ಸೀಮಂತ ಬೇಕಾದಾಗ ಮಾಡಲಿ, ಅದರ ಮರುದಿನ ಕೆಲಸಕ್ಕೆ ಬರಲು ಆಗದಿದ್ದರೆ ಆ ವಾರಗಳಿಗೆ ಬೇರೆಯೇ ರಜಾ ಅರ್ಜಿ ಕೊಡಿ, ಉಳಿದ ಗಳಿಕೆ ರಜೆಯನ್ನು ಅದಕ್ಕೆ ಇಡಿ. ಡಾಕ್ಟರು ವಿಶ್ರಾಂತಿ ಬೇಕು ಎಂದರೆ ಸರ್ಟಿಫಿಕೇಟ್ ಕೇಳಿ ತೆಗೆದುಕೊಳ್ಳಿ. ಗರ್ಭದಿಂದ ಬಂದ ಕಾಯಿಲೆಗೆ 26 ವಾರದ ಮೇಲೆ ಇನ್ನೊಂದು ತಿಂಗಳು ಸಂಬಳದ ರಜೆ ಇದೆ. ಮನೆಯ ಹಿರಿಯರಿಗೂ ಇದನ್ನು ಬಿಡಿಸಿ ಹೇಳಿ. ಬೀಡಿ ಕಟ್ಟಿ ಪಿ.ಎಫ್. ಜೋಪಾನ ಮಾಡಿದ ಅತ್ತೆಯಂದಿರಿಗೆ ಅರ್ಥವಾಗಲು ಹೊತ್ತು ಬೇಡ.

ಅರ್ಜಿ ಉದ್ದ ಬೇಡ. ಹೆಸರು, ಹುದ್ದೆ, ಇ.ಎಸ್.ಐ. ನಂಬರ್, ಡಾಕ್ಟರು ಹೇಳಿದ ಹೆರಿಗೆಯ ದಿನ, ಯಾವ ದಿನದಿಂದ ರಜೆ, ಈ ಅವಧಿಯಲ್ಲಿ ಬೇರೆಲ್ಲೂ ಕೆಲಸ ಮಾಡುವುದಿಲ್ಲ ಎಂಬ ಮಾತು, ನಿಮಗೆ ಆಗದಿದ್ದರೆ ಹಣ ಯಾರ ಕೈಗೆ ಕೊಡಬೇಕು ಎಂಬುದು. ಕೊನೆಗೆ ಒಂದು ಸಾಲು ಮರೆಯದೆ ಸೇರಿಸಿ: "ನಾನು ಕೆಲಸಕ್ಕೆ ರಾಜೀನಾಮೆ ಕೊಟ್ಟಿಲ್ಲ, ರಜೆ ಮುಗಿದ ಮೇಲೆ ಹಾಜರಾಗುತ್ತೇನೆ." ಎರಡು ಪ್ರತಿ ಮಾಡಿ ಒಂದಕ್ಕೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಅದೇ ಕಾಗದದ ಫೋಟೊವನ್ನು ಮ್ಯಾನೇಜರಿಗೆ ವಾಟ್ಸ್ಯಾಪ್ ಮಾಡಿ. ಹೆರಿಗೆಗೆ ಮೊದಲು ಕೊಡಲು ಆಗದಿದ್ದರೆ ಹೆರಿಗೆಯಾದ ಕೂಡಲೇ ಕೊಡಿ, ತಡವಾಯಿತು ಎಂದು ಹಕ್ಕು ಹೋಗುವುದಿಲ್ಲ.

ಕೆಲವು ಕಡೆ ಕೆಲಸಕ್ಕೆ ಸೇರುವ ದಿನವೇ ಖಾಲಿ ಹಾಳೆಗೆ ಅಥವಾ ತಾರೀಕಿಲ್ಲದ ರಾಜೀನಾಮೆಗೆ ಸಹಿ ತೆಗೆದಿಟ್ಟುಕೊಳ್ಳುತ್ತಾರೆ. ಸಹಿ ಹಾಕುವಾಗ ಪಕ್ಕದಲ್ಲಿ ನಿಮ್ಮ ಕೈಯಿಂದಲೇ ಆ ದಿನದ ತಾರೀಕು ಬರೆಯಿರಿ. ಮೂರು ವರ್ಷ ಹಿಂದಿನ ತಾರೀಕಿನ ರಾಜೀನಾಮೆಯನ್ನು ಇವತ್ತು ಬಳಸಲು ಬರುವುದಿಲ್ಲ. ಆಗಲೇ ಹಾಕಿಯಾಗಿದ್ದರೆ ಮೇಲಿನ ಆ ಕೊನೆಯ ಸಾಲೇ ನಿಮ್ಮ ರಕ್ಷಣೆ.

ಪಿ.ಎಫ್. ಬಗ್ಗೆ ಚಿಕ್ಕದಾಗಿ. ಕೆಲಸ ಬಿಟ್ಟವರು ಮಗುವಿನ ಖರ್ಚಿಗೆಂದು ಪಿ.ಎಫ್. ಜೊತೆಗೆ ಪಿಂಚಣಿಯ ಭಾಗವನ್ನೂ ತೆಗೆದುಬಿಡುತ್ತಾರೆ. ಪಿಂಚಣಿಗೆ ಒಟ್ಟು 10 ವರ್ಷ ಬೇಕು. ಒಂದು ಕಡೆ 6 ವರ್ಷ, ಮಕ್ಕಳು ಶಾಲೆಗೆ ಹೋದ ಮೇಲೆ ಇನ್ನೊಂದು ಕಡೆ 5 ವರ್ಷ ದುಡಿದವಳಿಗೆ 11 ವರ್ಷ ಆಗುತ್ತದೆ. 15,000 ಸಂಬಳದ ಲೆಕ್ಕದಲ್ಲಿ 58ನೇ ವಯಸ್ಸಿನಿಂದ ತಿಂಗಳಿಗೆ ಸುಮಾರು 2,357 ರೂಪಾಯಿ. ಮೊದಲ 6 ವರ್ಷದ್ದನ್ನು ತೆಗೆದಿದ್ದರೆ ಏನೂ ಇಲ್ಲ. ಹಣದ ತುರ್ತು ಇದ್ದರೆ ಪಿ.ಎಫ್. ಮಾತ್ರ ತೆಗೆಯಿರಿ. ಪಿಂಚಣಿ ಭಾಗಕ್ಕೆ 10ಸಿ ಅರ್ಜಿಯಲ್ಲಿ ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ (ದುಡಿದ ವರ್ಷಗಳನ್ನು ಮುಂದಿನ ಕೆಲಸದ ಲೆಕ್ಕಕ್ಕೆ ಸೇರಿಸುವ ಪತ್ರ) ಕೇಳಬಹುದು. 5 ವರ್ಷದೊಳಗೆ 50,000 ಅಥವಾ ಹೆಚ್ಚು ತೆಗೆದರೆ 10 ಶೇಕಡಾ ತೆರಿಗೆ ಹಿಡಿಯುತ್ತಾರೆ ಎಂಬುದೂ ಗೊತ್ತಿರಲಿ. ಮದುವೆಯ ನಂತರ ಆಧಾರಿನಲ್ಲಿ ಹೆಸರು ಬದಲಿಸಿದವರು ಪಿ.ಎಫ್., ಬ್ಯಾಂಕ್, ಪಾನ್ ಮೂರರಲ್ಲೂ ಅದೇ ಇಂಗ್ಲಿಷ್ ಅಕ್ಷರ, ಅದೇ ಇನಿಷಿಯಲ್ ಇದೆಯೇ ನೋಡಿ. ನಮ್ಮಲ್ಲಿ ಮನೆ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಬಂದು ಕ್ಲೇಮ್ ವಾಪಸಾಗುವುದು ಬಹಳ.

ಮಂಜೇಶ್ವರ, ಉಪ್ಪಳ, ಕುಂಬಳೆಯಿಂದ ದಿನಾ ಮಂಗಳೂರಿಗೆ ಹೋಗಿ ದುಡಿಯುವವರು ಗಮನಿಸಿ: ದೂರು ಕೊಡಬೇಕಾದದ್ದು ಮನೆ ಇರುವಲ್ಲಿ ಅಲ್ಲ, ಕೆಲಸ ಇರುವಲ್ಲಿ. ತಲಪಾಡಿ ದಾಟಿ ದುಡಿದರೆ ಮಂಗಳೂರಿನ ಕಾರ್ಮಿಕ ಇಲಾಖೆ, ಈಚೆಗಾದರೆ ಕಾಸರಗೋಡಿನ ಲೇಬರ್ ಆಫೀಸು. ತಪ್ಪು ಕಚೇರಿಗೆ ಅಲೆದು ತಿಂಗಳು ಕಳೆಯಬೇಡಿ, ಏಕೆಂದರೆ ರಜೆಯಲ್ಲಿರುವಾಗ ಕೆಲಸದಿಂದ ತೆಗೆದರೆ ಅದರ ಮೇಲಿನ ಅಪೀಲಿಗೆ 60 ದಿನ ಮಾತ್ರ. ವಕೀಲರಿಗೆ ಹಣವಿಲ್ಲ ಎಂದು ಕೂರುವುದೂ ಬೇಡ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ. ಫೋನ್ ನಂಬರ್ 15100.

ಈ ವಾರ ಸಹಿ ಹಾಕಿ ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ ನಾಳೆಗೆ ಬಿಡಬೇಡಿ. ರಾಜೀನಾಮೆ ಜಾರಿಯಾಗುವ ದಿನ ಬರುವ ಮೊದಲು ಅದನ್ನು ಹಿಂತೆಗೆದುಕೊಳ್ಳಬಹುದು. "ಇಂಥ ದಿನ ನನ್ನಿಂದ ಪಡೆದ ರಾಜೀನಾಮೆಯನ್ನು ಹಿಂತೆಗೆದುಕೊಂಡಿದ್ದೇನೆ, ನನಗೆ ಹೆರಿಗೆ ರಜೆ ಕೊಡಬೇಕು" ಎಂದು ಎರಡು ಸಾಲು ಬರೆದು, ತಾರೀಕು ಹಾಕಿ, ಪೋಸ್ಟ್ ಆಫೀಸು ಮುಚ್ಚುವ ಮೊದಲು ಕಳಿಸಿ. ನಿಮಗೆ ನಡೆಯಲು ಕಷ್ಟವಾದರೆ ಮನೆಯವರ ಕೈಯಲ್ಲಿ ಕಳಿಸಿ, ರಸೀದಿ ಮಾತ್ರ ನಿಮ್ಮ ಹತ್ತಿರವೇ ಇರಲಿ.