ಪೈಪ್ ಗ್ಯಾಸ್ ಬಂದ್ಮೇಲೆ ಗೀಜರ್ ನೀರು ಉಗುರು ಬೆಚ್ಚಗೆ ಬರ್ತಿದ್ಯಾ? ಜೆಟ್‌ಗೆ ಡ್ರಿಲ್ ಹಾಕೋಕೆ ಯಾರಿಗೂ ಬಿಡಬೇಡಿ

ಪುಣೆ, ಮುಂಬೈ ಕಡೆ ಸಿಲಿಂಡರ್ ಬಿಟ್ಟು ಪೈಪ್ ಗ್ಯಾಸ್ ತಗೊಂಡಿರೋರು ದಯವಿಟ್ಟು ಪೂರ್ತಿ ಓದಿ. ಗ್ಯಾಸ್ ಗೀಜರ್ ಬಾತ್‌ರೂಮ್ ಒಳಗೇ ಇದ್ರಂತೂ ಸ್ನಾನಕ್ಕೆ ಹೋಗೋ ಮುಂಚೆ ಓದಿ.

ನಾವಿರೋದು ಪುಣೆಯ ಕೋಥ್ರೂಡ್‌ನಲ್ಲಿ, ಹಳೇ ಸೊಸೈಟಿ. ದೀಪಾವಳಿ ಆದ್ಮೇಲೆ ಪೈಪ್ ಗ್ಯಾಸ್ ಬಂತು. ಕನೆಕ್ಷನ್ ಕೊಡೋಕೆ ಬಂದೋರು ಅಡುಗೆ ಸ್ಟೋವ್‌ಗೆ ಜೆಟ್ (ಬರ್ನರ್‌ಗೆ ಗ್ಯಾಸ್ ಬಿಡೋ ಸಣ್ಣ ತೂತಿನ ತುಂಡು) ಬದಲಾಯಿಸಿ, ಉರಿ ನೋಡಿ, ಸರಿ ಮಾಡಿ ಹೋದ್ರು. ಬಾತ್‌ರೂಮ್ ಒಳಗಿದ್ದ ಗೀಜರ್‌ನ ಮಾತ್ರ ಆಮೇಲೆ ಹಾರ್ಡ್‌ವೇರ್ ಅಂಗಡಿಯವರು ಕಳಿಸಿದ ಹುಡುಗ ಬಂದು ಇದ್ದ ಹಾಗೇ ಹೊಸ ಲೈನಿಗೆ ಜೋಡಿಸಿ ಹೋದ. ಅವತ್ತಿಂದಲೇ ಶುರು. ಸ್ಪಾರ್ಕ್ ಬರುತ್ತೆ, ಉರಿ ಹತ್ತುತ್ತೆ, ಆದ್ರೆ ನೀರು ಉಗುರು ಬೆಚ್ಚಗೆ ಬಿಟ್ಟು ಮೇಲೆ ಏರೋದೇ ಇಲ್ಲ. ಪುಣೆಯ ಡಿಸೆಂಬರ್ ಬೆಳಗಿನ ಚಳಿ ಗೊತ್ತಲ್ಲ, ಮನೇಲಿ ವಯಸ್ಸಾದ ಅತ್ತೆ ಬೇರೆ.

ಫೋನಲ್ಲಿ ಹುಡುಕಿದಾಗ ಗೀಜರ್ ಕಂಪನಿ ಹೆಸರಲ್ಲೇ ಸರ್ವೀಸ್ ಸೆಂಟರ್ ಅಂತ ಒಂದು ನಂಬರ್ ಬಂತು, ಫೋನ್ ಮಾಡಿದ್ವಿ. ಆದ್ರೆ ಬಂದವನು ಕಂಪನಿಯವನೇ ಅಲ್ಲ ಅಂತ ಆಮೇಲೆ ಅದೇ ಕಂಪನಿಯ ನಿಜವಾದ ಕಸ್ಟಮರ್ ಕೇರ್‌ನಿಂದ ಗೊತ್ತಾಯ್ತು. ಮೊದಲು ಡಯಾಫ್ರಾಮ್ ಹೋಗಿದೆ ಅಂತ ಬದಲಾಯಿಸಿದ. ಡಯಾಫ್ರಾಮ್ ಕೆಲಸ ಏನು ಅಂದ್ರೆ ನೀರು ಹರಿದಾಗ ಪಿನ್ ತಳ್ಳಿ ಗ್ಯಾಸ್ ಬಿಡೋದು. ಅದು ಹರಿದಿದ್ರೆ ಸಾಮಾನ್ಯವಾಗಿ ಉರಿಯೇ ಹತ್ತಲ್ಲ, ನಮ್ಮದು ದಿನಾ ಹತ್ತುತ್ತಿತ್ತು. ಮುಂದಿನ ಸಲ ಬಂದು ಒಳಗೆ ಉಪ್ಪು ಕಟ್ಟಿದೆ ಅಂತ ಆಸಿಡ್ ಹಾಕಿ ತೊಳೆದ. ಬೋರ್‌ವೆಲ್, ಟ್ಯಾಂಕರ್ ನೀರು ಬರೋ ಏರಿಯಾಗಳಲ್ಲಿ ಉಪ್ಪು ಕಟ್ಟೋದು ನಿಜ, ಆದ್ರೆ ನಮಗೆ ಬರೋದು ಖಡಕ್‌ವಾಸ್ಲಾ ಡ್ಯಾಂ ನೀರು, ಸ್ಟೀಲ್ ಪಾತ್ರೆ ಮೇಲೂ ಬಿಳಿ ಕಲೆ ಬೀಳಲ್ಲ. ನಾಲ್ಕು ಸಾವಿರದ ಮೇಲೆ ಹೋಯ್ತು, ಬಿಲ್ ಕೇಳಿದ್ರೆ ವಾಟ್ಸಾಪ್‌ನಲ್ಲಿ ಕಳಿಸ್ತೀನಿ ಅಂದ, ಇವತ್ತಿಗೂ ಬಂದಿಲ್ಲ.

ದುಡ್ಡಿನ ವಿಷಯ ಬಿಡಿ, ನಾನು ಇದನ್ನ ಬರೀತಿರೋದು ಮುಂದೆ ಅವನು ಮಾಡಿದ ಕೆಲಸಕ್ಕೆ. ಬರ್ನರ್ ಬಿಚ್ಕೊಂಡು ಹೋಗಿ ಡ್ರೈ ಬಾಲ್ಕನಿಯಲ್ಲಿ (ಬಟ್ಟೆ ಒಗೆದು ಒಣಗಿಸೋ ಬಾಲ್ಕನಿ) ಕೂತು, ಸಾಲಾಗಿರೋ ಆ ಸಣ್ಣ ಹಿತ್ತಾಳೆ ಜೆಟ್‌ಗಳ ತೂತನ್ನ ಒಂದೊಂದಾಗಿ ಕೈ ಡ್ರಿಲ್ ಹಾಕಿ ದೊಡ್ಡದು ಮಾಡಿದ. ಅಳತೆ ಇಲ್ಲ, ಲೆಕ್ಕ ಇಲ್ಲ, ಕಣ್ಣಂದಾಜು. ನಮ್ಮ ಮನೆಯವರು ಹೀಗೆ ಮಾಡಬಹುದಾ ಅಂತ ಕೇಳಿದ್ದಕ್ಕೆ "ಸಬ್ ಐಸೇ ಹೀ ಕರ್ತೇ ಹೈ ಸಾಬ್" (ಎಲ್ರೂ ಹೀಗೇ ಮಾಡೋದು) ಅಂದ. ನೀರು ಸುಡೋ ಹಾಗೆ ಬಂತು, ದುಡ್ಡು ತಗೊಂಡು ಹೋದ. ಆದ್ರೆ ಗೀಜರ್ ಮುಂದಿನ ಸಣ್ಣ ಕಿಟಕಿಯಿಂದ ಕಾಣೋ ಉರಿ ನೀಲಿ ಹೋಗಿ ಹಳದಿ ಆಗಿತ್ತು, ಮೇಲಿನ ಗೋಡೆಗೆ ಮಸಿ ಹಿಡಿಯೋಕೆ ಶುರುವಾಯ್ತು.

ಒಂದಿನ ಬೆಳಗ್ಗೆ ಅತ್ತೆ ಸ್ನಾನ ಮುಗಿಸಿ ಗೋಡೆ ಹಿಡ್ಕೊಂಡು ಹೊರಗೆ ಬಂದ್ರು. "ಯವ್ವಾ, ತಲಿ ಗಿರ್ ಅನ್ನಾಕತ್ತೈತಿ, ಹೊಟ್ಟಿ ತೊಳಸಾಕತ್ತೈತಿ" ಅಂದ್ರು. ಚಳಿ ಅಂತ ಬಾತ್‌ರೂಮ್ ಕಿಟಕಿ ಮುಚ್ಚಿದ್ರು. ಕೋವಿಡ್ ಟೈಮಲ್ಲಿ ತಗೊಂಡ ಆಕ್ಸಿಮೀಟರ್ ಹಾಕಿದ್ರೆ 98 ತೋರಿಸ್ತು. ಆದ್ರೂ ಮುಖ ನೋಡಿ ಮನಸ್ಸು ಒಪ್ಪಲಿಲ್ಲ, ಗಾಳಿಗೆ ಕೂರಿಸಿ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ. ರಕ್ತ ಪರೀಕ್ಷೆಯಲ್ಲಿ ಕಾರ್ಬನ್ ಮೋನಾಕ್ಸೈಡ್ ಸಿಕ್ತು, ಆಕ್ಸಿಜನ್ ಹಾಕಿದ್ರು, ದೇವರ ದಯೆ, ಹುಷಾರಾದ್ರು. ಡಾಕ್ಟರ್ ಹೇಳಿದ ಈ ಒಂದು ಮಾತು ನೆನಪಿಟ್ಕೊಳ್ಳಿ: ಮನೆಯಲ್ಲಿರೋ ಆಕ್ಸಿಮೀಟರ್‌ಗೆ ರಕ್ತದಲ್ಲಿ ಆಕ್ಸಿಜನ್ ಹಿಡ್ಕೊಂಡಿದ್ಯಾ ಕಾರ್ಬನ್ ಮೋನಾಕ್ಸೈಡ್ ಹಿಡ್ಕೊಂಡಿದ್ಯಾ ಅನ್ನೋ ವ್ಯತ್ಯಾಸ ಗೊತ್ತಾಗಲ್ಲ. ನಂಬರ್ ಚೆನ್ನಾಗಿದೆ ಅಂತ ಮನೇಲೇ ಮಲಗಿಸಬೇಡಿ. ವಾಸನೆ ಬಂದ್ರೆ ಗೊತ್ತಾಗುತ್ತೆ ಅಂತಲೂ ಕಾಯಬೇಡಿ, ಅಡುಗೆ ಗ್ಯಾಸಿಗೆ ವಾಸನೆ ಬೆರೆಸಿರ್ತಾರೆ, ಇದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ.

ಅಸಲಿಗೆ ತೊಂದರೆ ಇದ್ದಿದ್ದು ಗೀಜರ್ ಪಕ್ಕದ ಸ್ಟಿಕರ್‌ನಲ್ಲೇ ಬರೆದಿತ್ತು: ಎಲ್‌ಪಿಜಿ, 2.94 ಕೆಪಿಎ. ಸಿಲಿಂಡರ್ ರೆಗ್ಯುಲೇಟರ್‌ನಿಂದ ಬರೋ ಪ್ರೆಶರ್ ಅದು, ಸುಮಾರು 30 ಮಿಲಿಬಾರ್. ಪೈಪ್ ಗ್ಯಾಸ್ ಮನೆಗೆ ಬರೋದು ಸುಮಾರು 21 ಮಿಲಿಬಾರ್‌ನಲ್ಲಿ. ಅದಲ್ದೆ ಅದು ಹೆಚ್ಚುಕಮ್ಮಿ ಮೀಥೇನ್, ಸಿಲಿಂಡರ್‌ನಲ್ಲಿರೋ ಪ್ರೊಪೇನ್, ಬ್ಯೂಟೇನ್‌ಗೆ ಅದೇ ಅಳತೆಯಲ್ಲಿ ಎರಡೂವರೆಯಿಂದ ಮೂರು ಪಟ್ಟು ಶಾಖ ಇರುತ್ತೆ. ಹಾಗಾಗಿ ಸಿಲಿಂಡರ್‌ಗೆ ಮಾಡಿದ ಸಣ್ಣ ಜೆಟ್‌ನಲ್ಲಿ ಪೈಪ್ ಗ್ಯಾಸ್ ಬಿಟ್ರೆ ಉರಿ ಸೊರಗುತ್ತೆ, ನೀರು ಕಾಯಲ್ಲ. ಹಾಗಂತ ತೂತು ಬೇಕಾಬಿಟ್ಟಿ ಕೊರೆದ್ರೆ ಗ್ಯಾಸ್ ಜಾಸ್ತಿ ಬಂದು ಗಾಳಿ ಸಾಲದೆ ಅರ್ಧಂಬರ್ಧ ಉರಿದು ವಿಷ ಬಿಡುತ್ತೆ. ಪೈಪ್ ಗ್ಯಾಸ್‌ಗೆ ಅಂತ ಪಿಎನ್‌ಜಿ ಮಾಡೆಲ್ ಬೇರೆಯೇ ಬರುತ್ತೆ. ಇಲ್ಲಾಂದ್ರೆ ಕನ್ವರ್ಟ್ ಮಾಡೋಕಾಗುತ್ತಾ ಅಂತ ಕಂಪನಿಯವರನ್ನೇ ಕೇಳಿ, ನಂಬರ್ ವಾರಂಟಿ ಕಾರ್ಡ್ ಮೇಲಿಂದ ತಗೊಳ್ಳಿ, ನೆಟ್‌ನಿಂದ ಬೇಡ.

ನಿಮ್ಮ ಗೀಜರ್ ಸ್ಟಿಕರ್‌ನಲ್ಲಿರೋ ಗ್ಯಾಸೂ ಮನೆಗೆ ಬರೋ ಗ್ಯಾಸೂ ಒಂದೇ ಆಗಿದ್ದೂ ನೀರು ಕಾಯ್ತಿಲ್ಲ ಅಂದ್ರೆ, ಯಾರನ್ನೂ ಕರೆಯೋ ಮುಂಚೆ 10 ಲೀಟರ್ ಬಕೆಟ್ ಇಟ್ಟು ಟೈಮ್ ನೋಡಿ. ಮನೆಗಳಲ್ಲಿರೋ 6 ಲೀಟರ್ ಗೀಜರ್ ನಿಮಿಷಕ್ಕೆ 6 ಲೀಟರ್ ನೀರನ್ನ ಸುಮಾರು 25 ಡಿಗ್ರಿ ಏರಿಸುತ್ತೆ, ಅಂದ್ರೆ ಬಕೆಟ್ ತುಂಬೋಕೆ 100 ಸೆಕೆಂಡ್ ಬೇಕು. ಪ್ರೆಶರ್ ಪಂಪ್ ಇದ್ದು ಒಂದೇ ನಿಮಿಷದಲ್ಲಿ ತುಂಬಿದ್ರೆ ನೀರು ಏರೋದು ಬರೀ 15 ಡಿಗ್ರಿ, ಚಳಿಗಾಲದಲ್ಲಿ ಟ್ಯಾಂಕ್ ನೀರು 18 ಇದ್ರೆ ಕೈಗೆ ಬರೋದು 33. ಅದಕ್ಕೆ ರಿಪೇರಿಯೇ ಬೇಡ, ಗೀಜರ್‌ನ ನೀರಿನ ನಾಬ್ ತಿರುಗಿಸಿ ಹರಿವು ಕಮ್ಮಿ ಮಾಡಿ, ವಿಂಟರ್ ಸಮ್ಮರ್ ನಾಬ್ ಇದ್ರೆ ವಿಂಟರ್‌ಗೆ ಇಡಿ. ಬಿಸಿನೀರು ತಣ್ಣೀರು ಬೆರೆಸೋ ಮಿಕ್ಸರ್ ನಲ್ಲಿಯ ಒಳಗೇ ತಣ್ಣೀರು ಸೇರ್ಕೊಳ್ತಿದ್ಯಾ ಅಂತಲೂ ನೋಡ್ಕೊಳ್ಳಿ.

ಈಗ ನಮ್ಮದು ಪಿಎನ್‌ಜಿ ಮಾಡೆಲ್, ಡ್ರೈ ಬಾಲ್ಕನಿಯಲ್ಲಿ ಹಾಕ್ಸಿದ್ದೀವಿ, ಬಾತ್‌ರೂಮ್‌ಗೆ ಬರೀ ಪೈಪ್ ಬರುತ್ತೆ. ಬಾಡಿಗೆ ಮನೆಯಲ್ಲಿರೋರು ಸ್ಟಿಕರ್ ಫೋಟೋ, ಉರಿಯ ಫೋಟೋ ಎರಡೂ ಓನರ್‌ಗೆ ಕಳಿಸಿ ಗೀಜರ್ ಹೊರಗೆ ಹಾಕ್ಸೋಕೆ ಹೇಳಿ. ಒಪ್ಪದಿದ್ರೆ ಗ್ಯಾಸ್ ಗೀಜರ್ ವಾಲ್ವ್ ಮುಚ್ಚಿ ಕರೆಂಟ್ ಗೀಜರ್ ಕೇಳಿ, ಅಲ್ಲಿವರೆಗೆ ಸ್ಟೋವ್ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸ್ಕೊಳ್ಳಿ ಪರವಾಗಿಲ್ಲ, ಹಳದಿ ಉರಿ ಇರೋ ಗೀಜರ್ ಮಾತ್ರ ಒಂದು ಸಲಕ್ಕೂ ಹಚ್ಚಬೇಡಿ.